ಕತ್ತಿ ಹಿಡಿದವರು ಉಳಿಸಿದ ಕಾಡು

ತೋಟದ ಟಿಪ್ಪಣಿ ಈ ಸಲ ಸ್ವಲ್ಪ ಉದ್ದ ಆಗಿದೆ. ಮಧ್ಯಾಹ್ನದ ಊಟ ಮುಗಿಸಿ, ಕವಳ ಹಾಕ್ಕೊಂಡು, ಜಗಲಿ ಮೇಲೆ ಕೂತು ಓದಿ. ಓದಿ ಆದ ಮೇಲೆ ಬೈಯೋದಿದ್ರೆ ಬೈಯಿರಿ.

ನಮ್ಮ ಸುತ್ತಿನ ಊರುಗಳಲ್ಲಿ ಸೊಪ್ಪಿನಬೆಟ್ಟದ ಮಾತು ಬಂದ್ರೆ ಈಗ ಎರಡೇ ರಾಗ ಕೇಳ್ತದೆ. ಒಂದನೇದು ನಮ್ಮವರದ್ದೇ: "ಬೆಟ್ಟವನ್ನು ಪೂರ್ತಿ ನಮ್ಮ ಹೆಸರಿಗೆ ಮಾಡಿಕೊಡಲಿ. ಬೇಲಿ ಹಾಕ್ಕೊಂಡು ನಮಗೆ ಬೇಕಾದ್ದು ಮಾಡ್ಕೊಳ್ತೇವೆ." ಎರಡನೇದು ಪೇಟೆ ಸೇರಿದವರದ್ದು, ಪರಿಸರದ ಭಾಷಣ ಮಾಡುವವರದ್ದು: "ರೈತರು ಕತ್ತಿ ಹಿಡಿದು ಕಾಡಿಗೆ ಹೋಗೋದು ನಿಂತ್ರೆ ಮಾತ್ರ ಕಾಡು ಉಳೀತದೆ. ಫಾರಿನ್ನಲ್ಲಿ ನೋಡಿ, ಕಾಡನ್ನು ಹೇಗೆ ಇಟ್ಕೊಂಡಿದಾರೆ." ಆ ಫಾರಿನ್ನಿನ ಒಂದು ಕಾಡನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ನೋಡಿ ಬಂದ ಮೇಲೆ ಹೇಳ್ತೇನೆ, ಎರಡೂ ಮಾತು ತಪ್ಪು. ಯಾಕೆ ತಪ್ಪು ಅನ್ನೋದಕ್ಕೆ ಆ ಕಾಡಿನ ಇತಿಹಾಸವೇ ಸಾಕ್ಷಿ.

ಮಗಳ ಬಾಣಂತನಕ್ಕೆ ಹೆಂಡತಿ ಲಂಡನ್ನಿಗೆ ಹೋಗಿದ್ದಳು. ಅವಳನ್ನು ಕರ್ಕೊಂಡು ಬರುವ ನೆಪದಲ್ಲಿ ಅಕ್ಟೋಬರಿನಲ್ಲಿ ನಾನೂ ಹೋದೆ. ಮಳೆ ಬಿಟ್ಟಿತ್ತು, ಕೊನೆಕೊಯ್ಲಿಗೆ ಇನ್ನೂ ಸಮಯ ಇತ್ತು. ಅಲ್ಲಿ ಅರಮನೆ, ಸೇತುವೆ, ಗಡಿಯಾರದ ಗೋಪುರ ಎಲ್ಲ ಎರಡು ದಿನದಲ್ಲಿ ಮುಗೀತು. "ಅಪ್ಪಯ್ಯಾ, ನಿಂಗೆ ಇವೆಲ್ಲ ಬೇಜಾರು ಬರ್ತದೆ, ಕಾಡಿಗೆ ಹೋಗೋಣ್ವಾ" ಅಂದಳು ಮಗಳು. ನೆಲದೊಳಗಿನ ರೈಲು ಹತ್ತಿ ಲೌಟನ್ ಅನ್ನುವ ಊರಲ್ಲಿ ಇಳಿದೆವು. ಇಳಿದು ಸ್ವಲ್ಪ ನಡೆದರೆ ಎಪ್ಪಿಂಗ್ ಫಾರೆಸ್ಟ್. ಲಂಡನ್ನಿನ ಈಶಾನ್ಯ ಅಂಚಿನಿಂದ ಎಸೆಕ್ಸ್ ಅನ್ನುವ ಸೀಮೆಯೊಳಗೆ ಸುಮಾರು 19 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಕಾಡು, ಹತ್ತಿರಹತ್ತಿರ 6,000 ಎಕರೆ.

ಕಾಡಿನ ಬಾಯಲ್ಲಿ ಗೇಟಿಲ್ಲ, ಟಿಕೇಟಿಲ್ಲ, ಹೆಸರು ಬರ್ಕೊಳ್ಳುವ ಗಾರ್ಡಿಲ್ಲ. ಮನೆ ಮುಗೀತಿದ್ದ ಹಾಗೆ ಮರ ಶುರು. ನಾಯಿ ಕರ್ಕೊಂಡು ಬಂದವರು, ಮಕ್ಕಳ ಗಾಡಿ ತಳ್ಳುವವರು, ಕೋಲು ಊರಿಕೊಂಡು ನಡೆಯುವ ಮುದುಕರು. ಮಗಳು, ಅಳಿಯ "ಎಷ್ಟು ಚಂದ ಅಲ್ದಾ" ಅಂದರು. ಚಂದವೇ, ಇಲ್ಲ ಅನ್ನೋದಿಲ್ಲ. ಆದರೆ ನನ್ನ ಕಣ್ಣು ಹೋಗಿದ್ದು ಮರದ ಮೈಮೇಲೆ.

ಅಲ್ಲಿನ ಹಳೇ ಮರಗಳೆಲ್ಲ ಕಡಿಸಿಕೊಂಡ ಮರಗಳು! ಬೀಚ್, ಹಾರ್ನ್‌ಬೀಮ್, ಓಕ್ ಅಂತ ಮೂರು ಜಾತಿ ಮುಖ್ಯ. ನೆಲದಿಂದ ಆಳೆತ್ತರಕ್ಕಿಂತ ಸ್ವಲ್ಪ ಮೇಲೆವರೆಗೆ ಒಂದೇ ದಪ್ಪ ಕಾಂಡ. ಅಲ್ಲಿ ಒಂದು ದೊಡ್ಡ ಗಂಟು, ಮುಷ್ಟಿ ಕಟ್ಟಿದ ಹಾಗೆ. ಆ ಗಂಟಿನಿಂದ ಹತ್ತು ಹನ್ನೆರಡು ಕೊಂಬೆ ನೆಟ್ಟಗೆ ಮೇಲಕ್ಕೆ. ನಮ್ಮ ಬೆಟ್ಟದಲ್ಲಿ ಅಜ್ಜನ ಕಾಲದಿಂದ ಸೊಪ್ಪು ಕಡಿಸಿಕೊಂಡ ಮತ್ತಿ ಮರ, ನಂದಿ ಮರ ಹೇಗೆ ಕಾಣ್ತದೋ ಅದೇ ರೂಪ. ಅಂಥ ಪುರಾತನ ಮರ ಆ ಒಂದು ಕಾಡಿನಲ್ಲಿ 50 ಸಾವಿರಕ್ಕೂ ಹೆಚ್ಚು ಇವೆ. ಅವರ ಭಾಷೆಯಲ್ಲಿ ಅದಕ್ಕೆ ಪೊಲಾರ್ಡ್ ಅಂತಾರೆ.

ಪೊಲಾರ್ಡ್ ಅಂದ್ರೆ ನಮಗೆ ಪಾಠ ಬೇಡ. ದನದ ಬಾಯಿಗೆ ಎಟುಕದ ಎತ್ತರದಲ್ಲಿ ಕೊಂಬೆ ಕಡಿಯೋದು, ಕೆಲವು ವರ್ಷ ಬಿಡೋದು, ಚಿಗುರಿ ದಪ್ಪ ಆದ ಮೇಲೆ ಮತ್ತೆ ಅಲ್ಲೇ ಕಡಿಯೋದು. ಕೆಳಗೆ ದನ ಮೇಯ್ತದೆ, ಮೇಲೆ ಕಟ್ಟಿಗೆ ಬೆಳೀತದೆ, ಮರ ಸಾಯೋದಿಲ್ಲ. ನಾವು ಕಡಿಯೋದು ಸೊಪ್ಪಿಗೆ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ತೋಟಕ್ಕೆ ಕೊಡೋಕೆ. ಅವರು ಕಡೀತಿದ್ದದ್ದು ಚಳಿಗಾಲದ ಒಲೆಗೆ. ಉದ್ದೇಶ ಬೇರೆ, ಕತ್ತಿ ಒಂದೇ. ಹಾಗೆ ಕಡಿಸಿಕೊಂಡ ಮರ ಕಡಿಯದ ಮರಕ್ಕಿಂತ ಎಷ್ಟೋ ಹೆಚ್ಚು ವರ್ಷ ಬದುಕ್ತದೆ. ತಲೆ ಹಗುರ ಇರ್ತದೆ, ಗಾಳಿಗೆ ಬೀಳೋದಿಲ್ಲ. ಎಪ್ಪಿಂಗಿನಲ್ಲಿ ನೂರಾರು ವರ್ಷದ ಮರ ನಿಂತಿದ್ದರೆ ಅದು ಕಡಿದದ್ದಕ್ಕೇ ನಿಂತದ್ದು.

ಹಾಗಾದ್ರೆ "ಫಾರಿನ್ನಲ್ಲಿ ನೋಡಿ" ಅನ್ನುವವರು ಏನನ್ನು ನೋಡಿ ಅಂತಿದ್ದಾರೆ? ಮುಟ್ಟದೆ ಬಿಟ್ಟ ಕಾಡನ್ನಾ? ಆ ಕಾಡನ್ನು ಸಾವಿರ ವರ್ಷದಿಂದ ಹಳ್ಳಿಯವರು ಮುಟ್ಟುತ್ತಲೇ ಬಂದಿದ್ದಾರೆ. ಫೋಟೋ ಹೊಡೆಯೋಕೆ ಚಂದ ಕಾಣುವ ಆ ಗಂಟುಗಳು ಯಾರದೋ ಕೈಕೆಲಸ. ಅದನ್ನು ಮಾಡಿದವರು ಒಲೆಗೆ ಕಟ್ಟಿಗೆ ಇಲ್ಲದ ಬಡವರು.

ಈಗ ಆ ಕಾಡು ಹೇಗೆ ಉಳೀತು ಅನ್ನುವ ಕಥೆ ಹೇಳ್ತೇನೆ. ಊರಿನ ಪಂಚಾಯ್ತಿಕೆಯಲ್ಲಿ ಹೇಳೋಕೆ ಬೇಕಾದ ಕಥೆ ಇದು, ಚೆನ್ನಾಗಿ ಕೇಳಿಸಿಕೊಳ್ಳಿ.

ಲೌಟನ್ನಿನ ಜನಕ್ಕೆ ಕಾಡಿನಲ್ಲಿ ಕೊಂಬೆ ಕಡಿಯುವ ಹಕ್ಕು ಇತ್ತು. ನವೆಂಬರ್ 11ರ ನಡುರಾತ್ರಿಯಿಂದ ಏಪ್ರಿಲ್ 23ರವರೆಗೆ. ಮೊದಲ ರಾತ್ರಿ ಊರಿನವರು ಸ್ಟೇಪಲ್ಸ್ ಹಿಲ್ ಅನ್ನುವ ಗುಡ್ಡದಲ್ಲಿ ಸೇರಿ, ಸರಿಯಾಗಿ ನಡುರಾತ್ರಿಗೆ ಕೊಡಲಿ ಹಾಕಿ ಕಡಿತ ಶುರು ಮಾಡಬೇಕು. ಒಂದು ವರ್ಷ ತಪ್ಪಿದರೂ ಹಕ್ಕು ಹೋಯ್ತು ಅನ್ನುವ ನಂಬಿಕೆ ಅವರದ್ದು. ಊರಲ್ಲಿ ಈಗಲೂ ಒಂದು ಕಥೆ ಹೇಳ್ತಾರೆ. ಒಂದು ಸಲ ಆ ರಾತ್ರಿ ಜಮೀನ್ದಾರನ ಕಡೆಯಿಂದ ಊರಿಗೆಲ್ಲ ಭರ್ಜರಿ ಊಟ, ಕುಡಿತ. ಎಲ್ಲರೂ ಅಮಲಿನಲ್ಲಿ ಹೊತ್ತು ಮರೀಲಿ ಅಂತ. ಆದರೆ ಥಾಮಸ್ ವಿಲಿಂಗೇಲ್ ಅನ್ನುವ ಕಟ್ಟಿಗೆ ಕಡಿಯುವ ಕೂಲಿಯವ ಮೆಲ್ಲಗೆ ಎದ್ದು ಹೋಗಿ ಕೊಂಬೆ ಕಡಿದು, ಆ ಕೊಂಬೆಯನ್ನು ಹಿಡಿದುಕೊಂಡೇ ಊಟದ ಮನೆಗೆ ವಾಪಸು ಬಂದನಂತೆ. ಇದು ಕಟ್ಟುಕಥೆಯೇ ಇರಬಹುದು. ಆದರೆ ಮುಂದಿನದ್ದು ಕಟ್ಟುಕಥೆಯಲ್ಲ, ಕೋರ್ಟಿನ ದಾಖಲೆ.

1860ರ ದಶಕದಲ್ಲಿ ಲೌಟನ್ನಿನ ಜಮೀನ್ದಾರ (ಅವನು ಊರಿನ ಚರ್ಚಿನ ಪಾದ್ರಿಯೂ ಹೌದು) ಸಾವಿರ ಎಕರೆಗೂ ಮಿಕ್ಕಿ ಕಾಡಿಗೆ ಬೇಲಿ ಹಾಕಿಸಿದ. ಲಂಡನ್ ಬೆಳೀತಾ ಇತ್ತು, ರೈಲು ಬಂದಿತ್ತು, ಮನೆ ಕಟ್ಟುವ ಜಾಗಕ್ಕೆ ಬೆಲೆ ಬಂದಿತ್ತು. ಸುತ್ತಲಿನ ಬೇರೆ ಜಮೀನ್ದಾರರೂ ಅದನ್ನೇ ಮಾಡ್ತಿದ್ದರು. ವಿಲಿಂಗೇಲ್ ಕುಟುಂಬದವರು ಬೇಲಿ ದಾಟಿ ಹೋಗಿ ಎಂದಿನ ಹಾಗೆ ಕಡಿದರು. 1866ರಲ್ಲಿ ಅವನ ಮಗ, ಬಳಗದವರನ್ನು ಹಿಡಿದು ದಂಡ ಹಾಕಿದರು. ದಂಡ ಕಟ್ಟೋದಿಲ್ಲ ಅಂದರು, ಜೈಲಿಗೆ ಹೋದರು. ಮುದುಕ ವಿಲಿಂಗೇಲ್ ಜಮೀನ್ದಾರನ ಮೇಲೆಯೇ ದಾವೆ ಹೂಡಿದ. 1865ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ, ಅಂದ್ರೆ ಊರೊಟ್ಟಿನ ನೆಲ ಉಳಿಸುವ ಸಂಘ, ಬೆನ್ನಿಗೆ ನಿಂತಿತು. 1870ರಲ್ಲಿ ವಿಲಿಂಗೇಲ್ ತೀರಿಹೋದ. ಅವನ ಜೊತೆ ದಾವೆಯೂ ಬಿದ್ದುಹೋಯ್ತು.

ಆಮೇಲೆ ಆ ದಾವೆಯನ್ನು ಬೇರೆ ದಾರಿಯಿಂದ ಎತ್ತಿದ್ದು ಯಾರು ಗೊತ್ತಾ? ಲಂಡನ್ ನಗರದ ಕಾರ್ಪೊರೇಷನ್. ಅವರು ಸ್ಮಶಾನ ಮಾಡೋಕೆ ಅಂತ ಕಾಡಿನಂಚಿನಲ್ಲಿ ಒಂದು ಜಮೀನು ಕೊಂಡಿದ್ದರು. ಆ ಜಮೀನಿನ ಜೊತೆಗೆ ಕಾಡಿನಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು. 1871ರಲ್ಲಿ ಆ ಹಕ್ಕನ್ನೇ ಹಿಡಿದು ಜಮೀನ್ದಾರರ ಮೇಲೆ ಕೇಸು ಹಾಕಿದರು. ವಾದ ಬಹಳ ಸರಳ. ಈ ಕಾಡಿನಲ್ಲಿ ಒಬ್ಬನ ದನ ಅವನೂರ ಗಡಿಯಲ್ಲೇ ನಿಲ್ಲಬೇಕು ಅಂತ ಎಂದೂ ಇರಲಿಲ್ಲ, ಕಾಡಿನ ಈ ತುದಿಯಿಂದ ಆ ತುದಿವರೆಗೆ ಎಲ್ಲರ ದನ ಒಟ್ಟಿಗೆ ಮೇಯ್ತಿದ್ದವು. ಹಾಗಾಗಿ ಎಲ್ಲಿ ಬೇಲಿ ಹಾಕಿದರೂ ಅದು ಎಲ್ಲರ ದನಕ್ಕೂ ಅಡ್ಡ. 1874ರಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಆ ವಾದ ಒಪ್ಪಿದರು. 1851ರಿಂದ ಈಚೆಗೆ ಹಾಕಿದ ಬೇಲಿಗಳೆಲ್ಲ ಕಾನೂನುಬಾಹಿರ ಅಂತ ತೀರ್ಪಾಯ್ತು.

ಇದನ್ನು ಎರಡು ಸಲ ಓದಿ. ಆ ಕಾಡಿಗೆ ಕೋರ್ಟಿನಲ್ಲಿ ಕೆಲಸಕ್ಕೆ ಬಂದದ್ದು ಹಕ್ಕಿಯ ಹೆಸರಲ್ಲ, ಮಳೆಯ ಹೆಸರಲ್ಲ, ಒಂದು ಹಸುವಿನ ಹೊಟ್ಟೆ. ನ್ಯಾಯಾಧೀಶರು ಕೇಳಿದ್ದು "ಇಲ್ಲಿ ಹಕ್ಕು ಯಾರದ್ದು, ಅದನ್ನು ಬಳಸ್ತಾ ಬಂದಿದ್ದಾರಾ" ಅಂತ. "ಹೌದು, ಬಳಸ್ತಾ ಬಂದಿದ್ದಾರೆ" ಅಂತ ಹೇಳೋಕೆ ಮುದಿ ರೈತರು, ದನ ಕಾಯುವವರು ಇದ್ದರು.

ಪಕ್ಕದಲ್ಲೇ ಹೇನಾಲ್ಟ್ ಅಂತ ಇನ್ನೊಂದು ಕಾಡು ಇತ್ತು. ಎಪ್ಪಿಂಗಿನ ತಮ್ಮ ಅನ್ನಬಹುದು, ಇದೇ ಜಾತಿಯ ಕಡಿದ ಮರಗಳ ಕಾಡು. 1851ರಲ್ಲಿ ಒಂದು ಕಾಯ್ದೆ ತಂದು, ಅದರ ಮೇಲಿನ ಹಕ್ಕುಗಳನ್ನು ತೀರಿಸಿ, ಜಾಗವನ್ನು ಪಾಲು ಮಾಡಿದರು. ಪಾಲು ಸಿಕ್ಕ ಕೂಡಲೇ ಹಬೆ ಯಂತ್ರ ತಂದು ಮರಗಳನ್ನು ಬುಡಸಮೇತ ಕಿತ್ತರು. ಬಹುಪಾಲು ಕಾಡು ಹೊಲ ಆಯ್ತು. ಅಳಿದುಳಿದ ತುಂಡನ್ನು 1906ರಲ್ಲಿ ಸಾರ್ವಜನಿಕರಿಗೆ ಅಂತ ಬಿಡಿಸಿಕೊಳ್ಳಬೇಕಾಯ್ತು. ಎರಡೂ ಕಾಡು ಒಂದೇ ಸೀಮೆಯವು, ಒಂದೇ ರಾಜನ ಬೇಟೆಕಾಡಾಗಿದ್ದವು. ಒಂದರಲ್ಲಿ ಹಕ್ಕನ್ನು ಜಾಗವಾಗಿ ಹಂಚಿದರು, ಮರ ಹೋಯ್ತು. ಇನ್ನೊಂದರಲ್ಲಿ ಹಕ್ಕು ಹಕ್ಕಾಗಿಯೇ ಉಳೀತು, ಮರವೂ ಉಳೀತು.

"ಬೆಟ್ಟ ಪೂರ್ತಿ ನಮ್ಮ ಹೆಸರಿಗಾಗಲಿ" ಅನ್ನುವವರಿಗೆ ನನ್ನ ಉತ್ತರ ಹೇನಾಲ್ಟ್. ಹೆಸರಿಗಾದ ಮೊದಲ ವರ್ಷ ಬೇಲಿ. ಎರಡನೇ ವರ್ಷ ಜೆಸಿಬಿ. ಮೂರನೇ ವರ್ಷ ಅಡಿಕೆ ಸಸಿ, ಅದಕ್ಕೆ ಬೋರು. ಹತ್ತನೇ ವರ್ಷ ಮಕ್ಕಳು ಬೆಂಗಳೂರಿನಲ್ಲಿ, ಜಾಗ ರೆಸಾರ್ಟಿನವನ ಕೈಯಲ್ಲಿ. ಹಾಗೆ ಆಗೋದಿಲ್ಲ ಅಂತ ಎದೆ ಮುಟ್ಟಿ ಹೇಳುವವರು ಮುಂದೆ ಬನ್ನಿ. ಮಾರೋಕೆ ಬರುವ ವಸ್ತುವನ್ನು ಕಷ್ಟ ಬಂದಾಗ ಮನುಷ್ಯ ಮಾರ್ತಾನೆ, ಅದರಲ್ಲಿ ಯಾರದ್ದೂ ತಪ್ಪಿಲ್ಲ. ಸೊಪ್ಪಿನ ಹಕ್ಕನ್ನು ಮಾತ್ರ ರೆಸಾರ್ಟಿನವನಿಗೆ ಮಾರೋಕೆ ಬರೋದಿಲ್ಲ. ನಮ್ಮ ಬೆಟ್ಟ ಇಷ್ಟು ದಿನ ಉಳಿದದ್ದರ ಗುಟ್ಟು ಅದೇ.

ಎಪ್ಪಿಂಗಿನ ಕಥೆ ಅಲ್ಲಿಗೇ ಮುಗಿದಿದ್ರೆ ನಾನೂ ಚಪ್ಪಾಳೆ ಹೊಡೆದು ಸುಮ್ಮನಾಗ್ತಿದ್ದೆ. ಮುಗೀಲಿಲ್ಲ.

1878ರಲ್ಲಿ ಎಪ್ಪಿಂಗ್ ಫಾರೆಸ್ಟ್ ಕಾಯ್ದೆ ಆಯ್ತು. ಕಾಡಿಗೆ ಎಂದೆಂದೂ ಬೇಲಿ ಹಾಕಬಾರದು, ಮನೆ ಕಟ್ಟಬಾರದು, ಜನರ ವಿಹಾರಕ್ಕೆ ಬಯಲಾಗಿ ಇಡಬೇಕು ಅಂತ ಬರೆದು ಕಾರ್ಪೊರೇಷನ್ನಿಗೆ ಒಪ್ಪಿಸಿದರು. 1882ರಲ್ಲಿ ವಿಕ್ಟೋರಿಯಾ ರಾಣಿ ಬಂದು ಜನರಿಗೆ ಅರ್ಪಣೆ ಮಾಡಿದಳು. ಆದರೆ ಅದೇ ಕಾಯ್ದೆಯಲ್ಲಿ ಕೊಂಬೆ ಕಡಿಯುವ ಹಕ್ಕನ್ನು ನಿಲ್ಲಿಸಿದರು. ಪೇಟೆಯಿಂದ ವಿಹಾರಕ್ಕೆ ಬರುವವರ ಕಣ್ಣಿಗೆ ಬೋಳು ಮರ ಚಂದ ಕಾಣೋದಿಲ್ಲವಲ್ಲ! ಲೌಟನ್ನಿನ ಹಕ್ಕಿಗೆ ಪರಿಹಾರ ಅಂತ 7,000 ಪೌಂಡ್ ಕೊಟ್ಟರು. ಆ ದುಡ್ಡಿನಲ್ಲಿ 1884ರಲ್ಲಿ ಊರಿಗೊಂದು ಸಭಾಭವನ ಕಟ್ಟಿದರು. ಹೆಸರು ಲಾಪಿಂಗ್ ಹಾಲ್, ಅಂದ್ರೆ ಕೊಂಬೆ ಕಡಿಯುವ ಹಾಲು. ಇವತ್ತಿಗೂ ಇದೆ, ನಾನು ಎದುರಿಗೆ ನಿಂತು ನೋಡಿದೆ. ಜೈಲಿಗೆ ಹೋದವರ ಊರಿಗೆ ಸಿಕ್ಕಿದ್ದು ಒಂದು ಇಟ್ಟಿಗೆ ಕಟ್ಟಡ. ಕಾಡಿಗೆ ಕತ್ತಿ ತಗೊಂಡು ಹೋಗುವ ಕೈ ಅಲ್ಲಿಗೆ ನಿಂತಿತು.

ಆ ಕೈ ನಿಂತ ಮೇಲೆ ಮರಕ್ಕೇನಾಯ್ತು? ಇದನ್ನು "ಕತ್ತಿ ಬಿಡಿ" ಅನ್ನುವವರು ಕೇಳಬೇಕು. ನೂರಾರು ವರ್ಷ ಕಡಿಸಿಕೊಂಡು ಅಭ್ಯಾಸವಾದ ಮರ ಕಡಿಯುವವರಿಲ್ಲದೆ ಬೆಳೀತು. ಗಂಟಿನ ಮೇಲಿನ ಒಂದೊಂದು ಕೊಂಬೆಯೂ ಒಂದೊಂದು ಮರದಷ್ಟು ದಪ್ಪ ಆಯ್ತು. ಕೆಳಗಿನ ಕಾಂಡ ಒಳಗೆ ಪೊಳ್ಳು, ಮೇಲೆ ಆನೆಭಾರ. ಗಾಳಿ ಬಂದರೆ ನಡುವಿಂದ ಸೀಳಿ ಬೀಳ್ತದೆ. ಹಾಗೆ ಎರಡು ಹೋಳಾಗಿ ಬಿದ್ದ ಮರಗಳನ್ನು ದಾರಿಯುದ್ದಕ್ಕೂ ಕಂಡೆ. ಬೀಚ್ ಮರದ ಕೆಳಗೆ ದಟ್ಟ ನೆರಳು. ಬಿಸಿಲು ನೆಲ ಮುಟ್ಟೋದಿಲ್ಲ, ಹುಲ್ಲಿಲ್ಲ, ಸಸಿಯಿಲ್ಲ, ಹೂವಿಲ್ಲ. ಬರೀ ದರಕು! ಮೊಣಕಾಲವರೆಗೆ ದರಕು ಬಿದ್ದಿತ್ತು ಸ್ವಾಮಿ, ಒಂದು ಬುಟ್ಟಿ ಒಯ್ಯುವವರು ಗತಿಯಿಲ್ಲ. ನನ್ನ ಹೆಂಡತಿ ಅದನ್ನು ಕಂಡು "ಇದನ್ನು ಇಲ್ಲೇ ಬಿಟ್ಟು ಬರೋಕೆ ಹೊಟ್ಟೆ ಉರೀತದೆ" ಅಂದಳು.

ಕಾಡಿನೊಳಗೆ ಇದ್ದ ಹುಲ್ಲುಬಯಲು, ಅಲ್ಲಿನ ಹೂವು, ಚಿಟ್ಟೆ ಕೂಡ ಹಾಗೇ ಕಡಿಮೆಯಾದವು. ಮೇಯಿಸುವ ಹಕ್ಕನ್ನು ಕಾಯ್ದೆ ತೆಗೆದಿರಲಿಲ್ಲ, ಆದರೆ ದನ ಬಿಡುವವರು ವರ್ಷ ವರ್ಷ ಕಡಿಮೆಯಾದರು. 1990ರ ದಶಕದಲ್ಲಿ ಹುಚ್ಚು ಹಸು ರೋಗ ಬಂದಾಗ ಉಳಿದದ್ದೂ ನಿಂತಿತು. ಈಗ ಕಾಡು ನೋಡಿಕೊಳ್ಳುವ ಅದೇ ಕಾರ್ಪೊರೇಷನ್ ಏನು ಮಾಡ್ತಿದೆ ಗೊತ್ತಾ? ಮರ ಹತ್ತುವ ಪರಿಣತರಿಗೆ ಸಂಬಳ ಕೊಟ್ಟು ಹಳೇ ಪೊಲಾರ್ಡ್ ಮರಗಳ ತಲೆಭಾರ ಸ್ವಲ್ಪ ಸ್ವಲ್ಪವಾಗಿ ಇಳಿಸ್ತಿದೆ. ಸುತ್ತಲಿನ ಮರ ತೆಗೆದು ಹಳೇ ಮರಕ್ಕೆ ಬಿಸಿಲು ಬಿಡ್ತಿದೆ. ಎಳೇ ಮರಗಳನ್ನು ಹೊಸದಾಗಿ ಕಡಿದು ಪೊಲಾರ್ಡ್ ಮಾಡ್ತಿದೆ. ಉದ್ದ ಕೋಡಿನ ಲಾಂಗ್‌ಹಾರ್ನ್ ತಳಿಯ ದನ ತಂದು ಕಾಡಿಗೆ ಬಿಟ್ಟಿದೆ. ಅವುಗಳ ಕುತ್ತಿಗೆಗೆ ಉಪಗ್ರಹದ ಸಿಗ್ನಲ್ ಹಿಡಿಯುವ ಪಟ್ಟಿ. ಗಡಿ ಹತ್ತಿರ ಹೋದರೆ ಅದು ಮೊದಲು ಸದ್ದು ಮಾಡ್ತದೆ, ಆಮೇಲೂ ಮುಂದೆ ಹೋದರೆ ಸಣ್ಣಗೆ ಶಾಕ್ ಕೊಡ್ತದೆ. ಹಳ್ಳಿಯವರು ಪುಕ್ಕಟೆ ಮಾಡ್ತಿದ್ದ ಕೆಲಸವನ್ನು ದುಡ್ಡು ಸುರಿದು, ಯಂತ್ರ ತಂದು ಮತ್ತೆ ಮಾಡಿಸ್ತಿದ್ದಾರೆ. ಅದೂ ಎಲ್ಲ ಮರಕ್ಕೂ ಆಗುವುದಿಲ್ಲ. ನೂರಾರು ವರ್ಷದ ಮರವನ್ನು ಅಷ್ಟು ಕಾಲ ಬಿಟ್ಟು ಒಮ್ಮೆಲೇ ಕಡಿದರೆ ಸತ್ತೇ ಹೋಗ್ತದೆ.

ಇದು ಎರಡನೇ ರಾಗದವರಿಗೆ ನನ್ನ ಉತ್ತರ. ಕತ್ತಿ ಹೋದರೆ ಕಾಡು ಉಳೀತದೆ ಅನ್ನೋದು ಕತ್ತಿ ಹಿಡಿಯದವರ ಕಲ್ಪನೆ. ಕತ್ತಿಯಿಂದ ರೂಪ ಪಡೆದ ಕಾಡಿಗೆ ಕತ್ತಿ ಬೇಕು. ನಮ್ಮ ಸೊಪ್ಪಿನಬೆಟ್ಟ ಅಂಥದ್ದು. ದಟ್ಟ ಕಾನು ಬೇರೆ, ದೇವರಕಾಡು ಬೇರೆ. ಅಲ್ಲಿಗೆ ಕತ್ತಿ ಒಯ್ಯಬಾರದು ಅನ್ನೋದು ನಮ್ಮ ಹಿರಿಯರಿಗೂ ಗೊತ್ತಿತ್ತು. ಎಲ್ಲವನ್ನೂ ಒಂದೇ ಅಳತೆಯಲ್ಲಿ ಅಳೆಯೋದು ಬೇಡ.

ಇನ್ನೊಂದು ವಿಷಯ ಹೇಳದೆ ಇರೋಕಾಗೋದಿಲ್ಲ. 1878 ಅಂದೆನಲ್ಲ. ಅದೇ 1878ರಲ್ಲಿ ಅದೇ ಬ್ರಿಟಿಷ್ ಆಡಳಿತ ನಮ್ಮ ದೇಶಕ್ಕೂ ಒಂದು ಕಾಯ್ದೆ ಮಾಡಿತು, ಭಾರತೀಯ ಅರಣ್ಯ ಕಾಯ್ದೆ. ನಮ್ಮ ಉತ್ತರ ಕನ್ನಡ 1862ರಿಂದಲೇ ಮುಂಬೈ ಪ್ರಾಂತಕ್ಕೆ ಸೇರಿತ್ತು, ಕಾಯ್ದೆ ಇಲ್ಲಿಗೂ ಬಂತು. ಅಲ್ಲಿ "ಕಾಡು ಜನರದ್ದು, ಬೇಲಿ ಕೂಡದು" ಅಂತ ಬರೆದ ವರ್ಷವೇ ಇಲ್ಲಿ "ಕಾಡು ಸರ್ಕಾರದ್ದು, ನಿಮ್ಮದೇನಿದ್ದರೂ ನಾವು ಬಿಟ್ಟುಕೊಟ್ಟ ಸವಲತ್ತು" ಅಂತ ಬರೆದರು. ಕಾಯ್ದಿಟ್ಟ ಅರಣ್ಯದ ಗಡಿಕಲ್ಲು ನಮ್ಮ ಊರುಗಳ ನೆತ್ತಿಗೆ ಬಂದದ್ದು ಈ ಕಾಯ್ದೆಯಿಂದ. ಎರಡರಲ್ಲೂ ಹಳ್ಳಿಯವನ ಕತ್ತಿಯನ್ನೇ ಕಿತ್ತುಕೊಂಡರು. ಅಲ್ಲಿ ಪೇಟೆಯವರ ವಿಹಾರಕ್ಕೆ, ಇಲ್ಲಿ ಸರ್ಕಾರದ ಸಾಗವಾನಿಗೆ.

ನಮ್ಮ ಹಿಂದಿನವರು ಸುಮ್ಮನಿರಲಿಲ್ಲ. ಅರ್ಜಿ ಕೊಟ್ಟರು, ಹೋರಾಡಿದರು. ಸೊಪ್ಪಿಲ್ಲದೆ ಅಡಿಕೆ ತೋಟ ಬದುಕೋದಿಲ್ಲ ಅಂತ ಸಾಹೇಬರಿಗೆ ಮನವರಿಕೆ ಮಾಡಿದರು. ಹಾಗೆ ಉಳಿದದ್ದು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಉತ್ತರ ಕನ್ನಡದ ಬೆಟ್ಟ, ಹಾಡಿ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ, ಬಾಣೆ ಇವುಗಳ ಸವಲತ್ತು ಮುಂದುವರೀತದೆ ಅಂತ ಬರೆದರು. ಇದು ನಮ್ಮ ಕೈಯಲ್ಲಿರುವ ಕೊಂಬೆ. ವಿಲಿಂಗೇಲ್ ಹಿಡಿದುಕೊಂಡು ಬಂದನಲ್ಲ, ಅಂಥದ್ದು.

ಅದನ್ನು ಏನು ಮಾಡ್ತಿದ್ದೇವೆ? ಹೇಳೋಕೆ ಸಂಕೋಚ ಆದರೂ ಹೇಳಲೇಬೇಕು. ನಮ್ಮೂರಿನಿಂದ ಆಚೆ ಕೇರಿಗೆ ಬೆಟ್ಟದ ಮೇಲೆ ಒಂದು ಕಾಲುದಾರಿ ಇತ್ತು. ಶಾಲೆಗೆ ಹೋಗುವ ಮಕ್ಕಳು, ದನ, ದೇವರ ಪಲ್ಲಕ್ಕಿ ಎಲ್ಲ ಹೋಗ್ತಿದ್ದ ದಾರಿ. ದಣಪೆ ಸರಿಸಿ ದಾಟಿ ಮತ್ತೆ ಹಾಕಿ ಹೋಗೋದು, ಅಷ್ಟೇ. ಈಗ ಮೂರು ಕಡೆ ಮುಳ್ಳುತಂತಿ, ಒಂದು ಕಡೆ ಅಗಳ. ಅಗಳ ಇಲಾಖೆಯದ್ದು, ತಂತಿ ನಮ್ಮವರದ್ದು. ಇಲಾಖೆಯ ಅಗಳಕ್ಕೆ ಬೈಯುವ ನಾವು ನಮ್ಮವರ ತಂತಿಯ ಬಗ್ಗೆ ಬಾಯಿ ಬಿಡೋದಿಲ್ಲ. ಸೊಪ್ಪಿಗೆ ಅಂತ ಕೊಟ್ಟ ಬೆಟ್ಟದಲ್ಲಿ ಅಡಿಕೆ ನೆಟ್ಟವನು "ಹಕ್ಕು" ಅಂತ ಕೂಗ್ತಾನೆ. ಅದು ಹಕ್ಕನ್ನು ಬಳಸಿದ ಹಾಗಲ್ಲ, ಒತ್ತೆ ಇಟ್ಟ ಹಾಗೆ. ನಾಳೆ ಯಾರೋ ಕೋರ್ಟಿಗೆ ಹೋಗಿ "ಇಲ್ಲಿ ಸೊಪ್ಪು ಕಡಿಯುವವರೇ ಇಲ್ಲ, ಬೆಟ್ಟ ಅನ್ನೋದು ಬರೀ ಹೆಸರಿಗೆ" ಅಂದರೆ ನಾವು ಯಾವ ಮುಖದಲ್ಲಿ ಇಲ್ಲ ಅನ್ನೋದು?

"ಹೆಗಡೇರೇ, ಮಾತು ಸುಲಭ, ಸೊಪ್ಪು ಕಡಿಯೋಕೆ ಆಳೆಲ್ಲಿ" ಅಂತ ಕೇಳ್ತೀರಿ. ನ್ಯಾಯದ ಪ್ರಶ್ನೆ. ಆಳಿಲ್ಲ, ಇದ್ದರೂ ಕೂಲಿ ಮೈಮೇಲೆ ಬರ್ತದೆ, ಮರ ಹತ್ತುವವರಂತೂ ಇಲ್ಲವೇ ಇಲ್ಲ. ನಮ್ಮದು ಒಂದೂವರೆ ಎಕರೆ ತೋಟ, ಹದಿಮೂರು ಎಕರೆ ಬೆಟ್ಟ. ನಾನು ಅದನ್ನು ಮೂರು ಪಾಲು ಮಾಡಿದ್ದೇನೆ. ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು, ಉಳಿದ ಎರಡಕ್ಕೆ ರಜೆ. ಕೈಗೆಟುಕುವ ಎತ್ತರದ ಮರಕ್ಕೆ ದೋಟಿಗೆ ಕತ್ತಿ ಕಟ್ಟಿ ನೆಲದ ಮೇಲೆ ನಿಂತೇ ಕಡಿಯೋದು, ತುದಿಗೆ ಒಂದು ಕೊಂಬೆ ಬಿಟ್ಟು. ಬೇಸಿಗೆಯಲ್ಲಿ ದರಕು ಗುಡಿಸೋದು ನಾಲ್ಕು ಮನೆಯವರು ಮುಯ್ಯಾಳಿನ ಮೇಲೆ. ಪೂರ್ತಿ ತೋಟಕ್ಕೆ ಸಾಲೋದಿಲ್ಲ, ಒಪ್ಪಿಕೊಳ್ಳುವ. ಆದರೆ ಪ್ರತಿ ವರ್ಷ ಬೆಟ್ಟಕ್ಕೆ ಕತ್ತಿ ಹೋಗ್ತದೆ, ಬೆಟ್ಟದಿಂದ ಸೊಪ್ಪು ಬರ್ತದೆ. ಹಕ್ಕು ಉಸಿರಾಡ್ತಾ ಇರೋಕೆ ಅಷ್ಟು ಸಾಕು.

"ಅದು ಶ್ರೀಮಂತ ದೇಶ, ಅವರನ್ನು ನಮಗೆ ಹೋಲಿಸಬೇಡಿ" ಅಂತಲೂ ಅನ್ನಬಹುದು. ಹೋಲಿಸೋದು ಬೇಡ. ಇಂಗ್ಲೆಂಡಿನ ನೆಲದಲ್ಲಿ ಕಾಡು ಇರೋದೇ ಹತ್ತರಲ್ಲಿ ಒಂದು ಪಾಲು. ನಮ್ಮ ಜಿಲ್ಲೆಯಲ್ಲಿ ಮುಕ್ಕಾಲಿಗೂ ಮಿಕ್ಕಿ. ಅವರಲ್ಲೂ ಎಲ್ಲ ಕಾಡಿಗೆ ಎಲ್ಲರೂ ಹೋಗುವ ಹಾಗಿಲ್ಲ, "ಖಾಸಗಿ" ಅಂತ ಬೋರ್ಡು ಹೊಡೆದ ಕಾಡು ಬೇಕಾದಷ್ಟಿದೆ. ಆದರೆ ಎಪ್ಪಿಂಗಿನವರ ಒಂದು ಪದ್ಧತಿ ನಮಗೆ ಬೇಕು. ಕಾಡಿನ ಆಡಳಿತ ಮಾಡುವ ಸಮಿತಿಯಲ್ಲಿ ನಾಲ್ವರು ವರ್ಡರರ್ ಅಂತ ಇರ್ತಾರೆ. ಅವರನ್ನು ನೇಮಿಸೋದು ಸರ್ಕಾರವಲ್ಲ. ದನ ಮೇಯಿಸುವ ಹಕ್ಕಿರುವ ಸುತ್ತಲಿನ ಊರಿನವರು ಏಳು ವರ್ಷಕ್ಕೊಮ್ಮೆ ಆರಿಸ್ತಾರೆ. ನಮ್ಮ ಗ್ರಾಮ ಅರಣ್ಯ ಸಮಿತಿಯಲ್ಲಿ ಅಧ್ಯಕ್ಷ ನಮ್ಮವನೇ, ಆದರೆ ಕಾರ್ಯದರ್ಶಿ ಇಲಾಖೆಯವ, ಪುಸ್ತಕ ಅವನ ಕೈಯಲ್ಲಿ. ಅದು ಬದಲಾಗಲಿ ಅಂತ ಕೇಳುವ ಧೈರ್ಯ ಬೇಕಾದರೆ ಮೊದಲು ನಾವು ಸಭೆಗೆ ಹೋಗಬೇಕು. ಕೋರಂ ಇಲ್ಲದೆ ಮುಂದೂಡಿದ ಸಭೆ ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ರಸ್ತೆಯ ವಿಷಯದಲ್ಲೂ ಅಷ್ಟೇ. ಲಂಡನ್ನಿನ ಸುತ್ತ ಎಂ25 ಅನ್ನುವ ದೊಡ್ಡ ಹೆದ್ದಾರಿ ಇದೆ. ಅದು ಎಪ್ಪಿಂಗ್ ಕಾಡನ್ನು ದಾಟುವ ಬೆಲ್ ಕಾಮನ್ ಅನ್ನುವಲ್ಲಿ ಹೆದ್ದಾರಿಯನ್ನು ನೆಲದೊಳಗಿನ ಸುರಂಗದಲ್ಲಿ ಕಳಿಸಿದ್ದಾರೆ, 1984ರಲ್ಲಿ ಆದದ್ದು. ಮೇಲೆ ಹುಡುಗರು ಕ್ರಿಕೆಟ್ ಆಡ್ತಾರೆ, ಕೆಳಗೆ ಲಾರಿ ಓಡ್ತದೆ. "ಬೇಲಿ ಹಾಕಬಾರದು, ಕಟ್ಟಬಾರದು" ಅನ್ನುವ ನೂರು ವರ್ಷ ಹಳೇ ಕಾಯ್ದೆ ಆ ಕಾಡಿನ ಹಿಂದೆ ನಿಂತಿತ್ತು. ಕೇಳುವ ಜನ ಇದ್ದರು, ತೋರಿಸೋಕೆ ಕಾಗದ ಇತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ಲೌಟನ್ನಿನವರಿಗೆ ಆದದ್ದು ನಮಗೆ ಬೇರೆ ಹೆಸರಿನಲ್ಲಿ ಬರ್ತಾ ಇದೆ. ವೃಕ್ಷೋದ್ಯಾನ ಅಂತೆ, ಚಾರಣದ ದಾರಿ ಅಂತೆ, ವ್ಯೂ ಪಾಯಿಂಟ್ ಅಂತೆ. ಬರುವವರು ಬರಲಿ, ಕಾಡು ನೋಡಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಎಪ್ಪಿಂಗಿನಲ್ಲಿ ನಾನೂ ಹಾಗೇ ನೋಡಿ ಬಂದವನು. ಆದರೆ ನೋಡುವವನಿಗೆ ದಾರಿ ಮಾಡೋಕೆ ಕಡಿಯುವವನನ್ನು ಹೊರಗೆ ಹಾಕುವ ದಿನ ಬಂದರೆ, ಆಗ ನಮಗೂ ಒಂದಿಷ್ಟು ಪರಿಹಾರ, ಒಂದು ಸಮುದಾಯ ಭವನ ಸಿಗ್ತದೆ. ರಿಬ್ಬನ್ ಕತ್ತರಿಸೋಕೆ ಶಾಸಕರೂ ಬರ್ತಾರೆ. ಅದಕ್ಕೆ ಮರುಳಾಗಬೇಡಿ.

ನಾನು ಕೇಳೋದು ನಾಲ್ಕೇ ಮಾತು. ಒಂದು, ಈ ಬೇಸಿಗೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬೆಟ್ಟಕ್ಕೆ ಹೋಗಿ ಸೊಪ್ಪೋ ದರಕೋ ತನ್ನಿ, ಒಂದೇ ಹೊರೆಯಾದರೂ ಸರಿ. ಎರಡು, ಬೆಟ್ಟದ ಪಹಣಿ ತೆಗೆಸಿ, ಅದರಲ್ಲಿ ಏನು ಬರೆದಿದೆ ಅಂತ ಕನ್ನಡಕ ಹಾಕ್ಕೊಂಡು ಓದಿ. ಹಳೇ ನಕ್ಷೆ, ಹಳೇ ರಸೀದಿ ಅಟ್ಟದ ಮೇಲಿದ್ದರೆ ಇಳಿಸಿ ಜೋಪಾನ ಮಾಡಿ. ಮೂರು, ಕಾಲುದಾರಿಗೆ ಅಡ್ಡ ಬಂದ ತಂತಿ ಯಾರದ್ದೇ ಇರಲಿ, ಅಲ್ಲಿ ಒಂದು ದಣಪೆ ಇಡಿಸಿ. ನಾಲ್ಕು, ಮುಂದಿನ ಗ್ರಾಮಸಭೆಗೆ ಬನ್ನಿ. ಸೊಪ್ಪಿನ ಹಕ್ಕು ಸೊಪ್ಪಿನ ಹಕ್ಕಾಗಿಯೇ ಇರಲಿ, ಜಾಗವಾಗಿ ಹಂಚೋದೂ ಬೇಡ, ಪರಿಹಾರ ಕೊಟ್ಟು ಕಿತ್ತುಕೊಳ್ಳೋದೂ ಬೇಡ ಅಂತ ಠರಾವು ಬರೆಸುವ. ಕಾಗದ ನಾನು ಬರೆದು ತರ್ತೇನೆ. ಸಹಿ ಹಾಕೋಕೆ ಜನ ಬೇಕು.